ಎರಡು ವರ್ಷದ ಫ್ಯಾಷನ್ ಡಿಸೈನ್: ಸೇರುವ ಮೊದಲು ನಿಮ್ಮ ಕುರ್ತಾ ಒಳಮಗ್ಗುಲು ಮಾಡಿ ನೋಡಿ

ಪಕ್ಕದ ಮನೆ ಹುಡುಗಿ ಪಿಯುಸಿ ಮುಗಿಸಿ ಮೊನ್ನೆ ನನ್ನ ಅಂಗಡಿಗೆ ಬಂದಳು. ಕೈಯಲ್ಲಿ ಡ್ರಾಯಿಂಗ್ ಪುಸ್ತಕ. "ಅಕ್ಕ, ಫ್ಯಾಷನ್ ಡಿಸೈನ್ ಓದ್ಬೇಕು ಅಂತಿದೀನಿ, ಎರಡು ವರ್ಷದ್ದು. ನನ್ನ ಕೈಲಿ ಆಗುತ್ತಾ ನೋಡಿ ಹೇಳಿ" ಅಂದಳು. ಚಿತ್ರ ಚೆನ್ನಾಗಿಯೇ ಬರೆದಿದ್ದಳು. ನಾನು ಕೇಳಿದ್ದು ಮಾತ್ರ ಬೇರೆ. "ನೀನು ಹಾಕ್ಕೊಂಡಿರೋ ಕುರ್ತಾದಲ್ಲಿ ಎಷ್ಟು ತುಂಡು ಬಟ್ಟೆ ಇದೆ ಹೇಳು?"

"ನಾಲ್ಕು. ಮುಂದೆ, ಹಿಂದೆ, ಎರಡು ತೋಳು."

ಅಂಥದ್ದೇ ಒಂದು ಕುರ್ತಾ ಅಂಗಡಿಯಲ್ಲಿ ನೇತಾಡುತ್ತಿತ್ತು. ತೆಗೆದು ಒಳಮಗ್ಗುಲು ಮಾಡಿ ಟೇಬಲ್ ಮೇಲೆ ಹಾಕಿದೆ. ಮುಂಭಾಗ ಪ್ರಿನ್ಸೆಸ್ ಕಟ್, ಅಂದರೆ ಎದೆ ಮೇಲೆ ಉದ್ದಕ್ಕೆ ಎರಡು ಹೊಲಿಗೆ, ಹಾಗಾಗಿ ಅಲ್ಲೇ ಮೂರು ತುಂಡು. ಹಿಂದೆ ಒಂದು. ತೋಳು ಎರಡು. ಕತ್ತಿನ ಒಳಪಟ್ಟಿ ಮುಂದಕ್ಕೊಂದು, ಹಿಂದಕ್ಕೊಂದು. ಸೈಡ್ ಜೇಬಿಗೆ ಎರಡು. ಒಟ್ಟು ಹತ್ತು. ಹುಡುಗಿ ಪುಸ್ತಕ ಪಕ್ಕಕ್ಕಿಟ್ಟು ಒಂದೊಂದೇ ಹೊಲಿಗೆ ಮುಟ್ಟಿ ನೋಡತೊಡಗಿದಳು. ನೀನು ಓದಬಹುದು ಕಣೇ ಅಂದೆ.

ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಾನು ಹಾಸನದ ಒಂದು ಗಾರ್ಮೆಂಟ್ ಕಾರ್ಖಾನೆಯಲ್ಲಿ ಆರು ವರ್ಷ ಶರ್ಟಿನ ಕಾಲರ್ ಹೊಲಿದವಳು. ಬೆಳಿಗ್ಗೆಯಿಂದ ಸಂಜೆವರೆಗೂ ಬರೀ ಕಾಲರ್. ಬಂಡಲ್ ಬರುತ್ತೆ, ಹೊಲಿಯುತ್ತೇನೆ, ಹೋಗುತ್ತೆ. ಒಂದು ಪೂರ್ತಿ ಶರ್ಟ್ ಹೊಲಿಯೋಕೆ ನನಗೆ ಬರುತ್ತಿರಲಿಲ್ಲ ಅಂದರೆ ಈಗ ಯಾರೂ ನಂಬುವುದಿಲ್ಲ. 27ನೇ ವಯಸ್ಸಿಗೆ ಕೆಲಸ ಬಿಟ್ಟು ಎರಡು ವರ್ಷದ ಡಿಪ್ಲೊಮಾ ಸೇರಿದೆ. ಮಗ ಆಗ ಒಂದನೇ ಕ್ಲಾಸು. "ಟೈಲರ್ ಆಗೋಕೂ ಕಾಲೇಜಾ?" ಅಂತ ನೆಂಟರೆಲ್ಲ ಕೇಳಿದರು. ಈಗ ಸಾಲಗಾಮೆ ರಸ್ತೆ ಕಡೆ ಮೂರು ಮೆಷಿನ್‌ನ ಪುಟ್ಟ ಅಂಗಡಿ ಇದೆ. ಆ ನೆಂಟರೇ ಬ್ಲೌಸ್ ಹೊಲಿಸೋಕೆ ಬರುತ್ತಾರೆ, ಅದೂ ಅರ್ಜೆಂಟ್ ಅಂತ.

ಬೋರ್ಡ್ ಮೇಲಿರೋದನ್ನ ಎರಡು ಸಲ ಓದಿ

"ಎರಡು ವರ್ಷದ ಡಿಗ್ರಿ" ಅಂತ ಎಲ್ಲಾದರೂ ಕಂಡರೆ ಸ್ವಲ್ಪ ನಿಲ್ಲಿ. ನಮ್ಮಲ್ಲಿ ಪಿಯುಸಿ ಆದಮೇಲೆ ಎರಡೇ ವರ್ಷಕ್ಕೆ ಡಿಗ್ರಿ ಸಿಗುವುದಿಲ್ಲ. ಫ್ಯಾಷನ್‌ನಲ್ಲಿ ಬಿಎಸ್ಸಿ ಅಂದರೆ ಮೂರು ವರ್ಷ, ನಿಫ್ಟ್‌ನ (ಕೇಂದ್ರ ಸರ್ಕಾರದ ಫ್ಯಾಷನ್ ಸಂಸ್ಥೆ) ಬಿ.ಡಿಸೈನ್ ಅಂದರೆ ನಾಲ್ಕು ವರ್ಷ. ಪಿಯುಸಿ ಮೇಲೆ ಎರಡು ವರ್ಷಕ್ಕೆ ಸಿಗುವುದು ಡಿಪ್ಲೊಮಾ. ಬಿ.ವೊಕ್ ಅಂತ ಕೆಲಸ ಕಲಿಸುವ ಡಿಗ್ರಿ ಒಂದಿದೆ, ಅದರಲ್ಲಿ ಒಂದು ವರ್ಷಕ್ಕೆ ಡಿಪ್ಲೊಮಾ, ಎರಡಕ್ಕೆ ಅಡ್ವಾನ್ಸ್ಡ್ ಡಿಪ್ಲೊಮಾ, ಮೂರಕ್ಕೆ ಡಿಗ್ರಿ. ಮಧ್ಯದಲ್ಲಿ ಬಿಟ್ಟರೂ ಕೈಗೊಂದು ಸರ್ಟಿಫಿಕೇಟ್ ಬರುತ್ತೆ, ಹಾಗಾಗಿ ಮನೆ ಕಡೆ ತೊಂದರೆ ಇರುವವರಿಗೆ ಒಳ್ಳೆಯದು. ನಿಜವಾದ ಎರಡು ವರ್ಷದ ಡಿಗ್ರಿ ಅಂದರೆ ಎಂಎಸ್ಸಿ, ಎಂ.ಡಿಸೈನ್ ತರಹದ್ದು. ಅದಕ್ಕೆ ಮೊದಲೇ ಒಂದು ಡಿಗ್ರಿ ಆಗಿರಬೇಕು. ಅಮೆರಿಕದಲ್ಲಿ ಪಿಯುಸಿ ಮಟ್ಟದ ಓದು ಮುಗಿಸಿ ಎರಡು ವರ್ಷಕ್ಕೆ ಪಡೆಯುವ ಅಸೋಸಿಯೇಟ್ ಡಿಗ್ರಿ ಇದೆ. ನ್ಯೂಯಾರ್ಕ್‌ನ ಎಫ್‌ಐಟಿ ಅನ್ನುವ ಫ್ಯಾಷನ್ ಕಾಲೇಜಿನಲ್ಲಿ ಫ್ಯಾಷನ್ ಡಿಸೈನ್‌ಗೇ ಅದನ್ನು ಕೊಡುತ್ತಾರೆ. ಅಲ್ಲಿರುವ ಅಣ್ಣನೋ ಅತ್ತಿಗೆಯೋ "ಎರಡು ವರ್ಷದ ಡಿಗ್ರಿ" ಅಂದರೆ ಅದರ ಬಗ್ಗೆ ಹೇಳುತ್ತಿರುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐನಲ್ಲಿ ಒಂದು ವರ್ಷದ ಹೊಲಿಗೆ ಮತ್ತು ಫ್ಯಾಷನ್ ಡಿಸೈನ್ ಟ್ರೇಡ್‌ಗಳಿವೆ, ಪಾಲಿಟೆಕ್ನಿಕ್ ಡಿಪ್ಲೊಮಾ ಮೂರು ವರ್ಷ.

ನಾನು ಸೇರುವ ಮೊದಲು ಒಂದು ಕಡೆ ವಿಚಾರಿಸೋಕೆ ಹೋಗಿದ್ದೆ. ಎಸಿ ರೂಮು, ಗೋಡೆ ತುಂಬಾ ಮಾಡೆಲ್‌ಗಳ ಫೋಟೋ, ಕುಡಿಯೋಕೆ ಜ್ಯೂಸು. "ನೂರಕ್ಕೆ ನೂರು ಪ್ಲೇಸ್‌ಮೆಂಟ್ ಮೇಡಂ" ಅಂದರು. ಸರ್ಟಿಫಿಕೇಟ್ ಯಾರು ಕೊಡೋದು ಅಂತ ಕೇಳಿದರೆ "ನಾವೇ" ಅಂದರು. ಯಾವ ಯೂನಿವರ್ಸಿಟಿ, ಯಾವ ಬೋರ್ಡ್ ಅಂದಾಗ ಮಾತು ಬದಲಾಯಿತು. ಮುಂಗಡ ಅಂತ 2,000 ರೂಪಾಯಿ ಅಷ್ಟರಲ್ಲಾಗಲೇ ಕಟ್ಟಿಬಿಟ್ಟಿದ್ದೆ, ಅದು ಹೋಯಿತು. ಆದ್ದರಿಂದ ದುಡ್ಡು ಕಟ್ಟುವ ಮೊದಲು ಕೇಳಿ: ಪರೀಕ್ಷೆ ಯಾರು ನಡೆಸುತ್ತಾರೆ? ಅಂಕಪಟ್ಟಿ ಮೇಲೆ ಯಾರ ಮುದ್ರೆ ಇರುತ್ತೆ? ಹೋದ ವರ್ಷದವರ ಒಂದು ಅಂಕಪಟ್ಟಿ ತೋರಿಸಿ ಅನ್ನಿ, ನಾಚಿಕೆ ಬೇಡ.

ಆಮೇಲೆ ಲ್ಯಾಬ್ ನೋಡಿ. ಮೆಷಿನ್ ಎಷ್ಟಿವೆ ಅಂತ ಎಣಿಸುವುದಕ್ಕಿಂತ ಅವುಗಳ ಕೆಳಗೆ ಬಗ್ಗಿ ನೋಡಿ. ನೆಲದಲ್ಲಿ ದಾರದ ಚೂರು, ಬಟ್ಟೆ ತುಂಡು ಬಿದ್ದಿದ್ದರೆ ಅಲ್ಲಿ ಹುಡುಗಿಯರು ಕೂತು ಹೊಲಿಯುತ್ತಿದ್ದಾರೆ ಅಂತ. ನೆಲ ಫಳಫಳ ಹೊಳೆಯುತ್ತಿದ್ದರೆ ನನಗಂತೂ ಅನುಮಾನ.

ಹಾಸು, ಹೊಕ್ಕು ಮತ್ತು ಬೆಂಕಿಕಡ್ಡಿ

ಕನ್ನಡ ಮೀಡಿಯಂನಿಂದ ಬಂದವರಿಗೆ ಮೊದಲ ಸೆಮಿಸ್ಟರ್‌ನಲ್ಲಿ ಹೊಲಿಗೆಗಿಂತ ಜಾಸ್ತಿ ಹೆದರಿಸುವುದು ಟೆಕ್ಸ್‌ಟೈಲ್ ಸೈನ್ಸ್. ವಾರ್ಪ್, ವೆಫ್ಟ್, ಸೆಲ್ವೆಜ್, ಗ್ರೇನ್ ಅಂತ ಮೇಡಂ ಬೋರ್ಡ್ ತುಂಬಾ ಬರೆದರು. ನಾನು ನೋಟ್ಸಿನಲ್ಲಿ ಉರು ಹೊಡೆಯುತ್ತಿದ್ದೆ, ತಲೆಗೆ ಹತ್ತುತ್ತಿರಲಿಲ್ಲ. ಒಂದು ದಿನ ನಮ್ಮತ್ತೆ ಯಾರದೋ ಮಾತಿಗೆ "ಅವರಿಬ್ಬರ ಸ್ನೇಹ ಹಾಸುಹೊಕ್ಕು" ಅಂದರು. ಅಷ್ಟೇ, ಬಾಗಿಲು ತೆಗೆದ ಹಾಗಾಯಿತು. ಉದ್ದಕ್ಕೆ ಮಗ್ಗದ ಮೇಲೆ ಮೊದಲೇ ಹಾಸಿದ ಎಳೆ ಹಾಸು, ಅದೇ ವಾರ್ಪ್. ಅಡ್ಡಡ್ಡ ನುಗ್ಗಿ ಬರುವುದು ಹೊಕ್ಕು, ಅದೇ ವೆಫ್ಟ್. ಬಟ್ಟೆಯ ಎರಡು ಪಕ್ಕದ ಬಿಗಿ ಅಂಚು ಸೆಲ್ವೆಜ್. ಆ ಅಂಚಿಗೆ ಸಮವಾಗಿ ಹೋಗುವುದೇ ಗ್ರೇನ್. ನಿಮ್ಮ ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಎರಡು ಕಾಲಂ ಎಳೆದು ಹೀಗೆ ಬರೆದಿಟ್ಟುಕೊಳ್ಳಿ. ಮನೆಯಲ್ಲಿ ಆಡುವ ಮಾತೇ ಸಿಕ್ಕರೆ ಇನ್ನೂ ಒಳ್ಳೆಯದು. ಕ್ರಾಸ್ ಪಟ್ಟಿ ಅಂತ ಟೈಲರ್ ಹೇಳುವುದೇ ಬಯಾಸ್, ಅಂಚಿಗೆ 45 ಡಿಗ್ರಿ ಓರೆ. ಒಂದು ಕರವಸ್ತ್ರ ತಗೊಂಡು ಉದ್ದಕ್ಕೆ ಎಳೆಯಿರಿ, ಅಡ್ಡಕ್ಕೆ ಎಳೆಯಿರಿ, ಆಮೇಲೆ ಮೂಲೆಯಿಂದ ಮೂಲೆಗೆ ಎಳೆಯಿರಿ. ಓರೆಯಲ್ಲಿ ಮಾತ್ರ ರಬ್ಬರಿನ ಹಾಗೆ ಬರುತ್ತೆ. ಕತ್ತಿನ ದುಂಡಗೆ ಕ್ರಾಸ್ ಪಟ್ಟಿಯನ್ನೇ ಯಾಕೆ ಕೊಡುತ್ತಾರೆ ಅನ್ನುವುದಕ್ಕೆ ಬೇರೆ ಉತ್ತರ ಬೇಕಿಲ್ಲ.

ಬಟ್ಟೆ ಗುರುತು ಹಿಡಿಯೋಕೆ ಸುಟ್ಟು ನೋಡಿ. ನಾನು ಅಡುಗೆಮನೆ ಸಿಂಕ್ ಪಕ್ಕ, ಒಂದು ಲೋಟ ನೀರಿಟ್ಟುಕೊಂಡು, ಇಕ್ಕಳದಲ್ಲಿ ನಾಲ್ಕೈದು ಎಳೆ ಹಿಡಿದು ಮಾಡುತ್ತಿದ್ದೆ. ಹತ್ತಿ ಕಾಗದದ ಹಾಗೆ ಉರಿಯುತ್ತೆ, ಕಾಗದದ್ದೇ ವಾಸನೆ, ಬೂದಿ ಮೆತ್ತಗೆ. ರೇಷ್ಮೆ ಉರಿಯುವಾಗ ಕೂದಲು ಸುಟ್ಟ ವಾಸನೆ ಬರುತ್ತೆ. ಉಳಿದ ಕರಿ ಬೂದಿ ಬೆರಳಲ್ಲಿ ಒತ್ತಿದರೆ ಪುಡಿಯಾಗುತ್ತೆ. ಪಾಲಿಯೆಸ್ಟರ್ ಕರಗಿ ಮುದುಡುತ್ತೆ, ಆರಿದ ಮೇಲೆ ಗಟ್ಟಿ ಮಣಿ, ಒತ್ತಿದರೂ ಒಡೆಯೋಲ್ಲ. ಬಿಸಿಯಿರುವಾಗ ಮುಟ್ಟಬೇಡಿ, ಚರ್ಮಕ್ಕೆ ಅಂಟಿಕೊಳ್ಳುತ್ತೆ. ಅಂಗಡಿಯಲ್ಲಿ "ಪ್ಯೂರ್ ಸಿಲ್ಕ್" ಅಂತ ನನ್ನ ಚಿಕ್ಕಮ್ಮನಿಗೆ ಕೊಟ್ಟ ಒಂದು ಸೀರೆಯ ಕುಚ್ಚಿನಿಂದ ಎರಡು ಎಳೆ ಸುಟ್ಟು ನೋಡಿದೆ. ಮಣಿ ಬಂತು. ಚಿಕ್ಕಮ್ಮನಿಗೆ ಇವತ್ತಿಗೂ ಹೇಳಿಲ್ಲ.

ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂ ಲೆಕ್ಕದಲ್ಲಿ. ಕಾಲೇಜಿನಲ್ಲಿ ಅದಕ್ಕೆ ದುಂಡಗೆ ಕತ್ತರಿಸುವ ಕಟರ್ ಇರುತ್ತೆ. ಮನೆಯಲ್ಲಾದರೆ 10 ಸೆಂಟಿಮೀಟರ್ ಉದ್ದ, 10 ಸೆಂಟಿಮೀಟರ್ ಅಗಲದ ಚೌಕ ಕತ್ತರಿಸಿ. ಗುರುತಿನ ಚಿನ್ನದಂಗಡಿಯಲ್ಲಿ ತೂಕ ಹಾಕಿಸಿ, ನೂರರಿಂದ ಗುಣಿಸಿ. 1.4 ಗ್ರಾಂ ಬಂದರೆ 140 ಜಿಎಸ್‌ಎಂ. ಬಟ್ಟೆ ಚೂರು ತೂಕ ಹಾಕಿ ಅಂದಾಗ ಚಿನ್ನದಂಗಡಿಯವರು ನಕ್ಕರು, ಆದರೆ ಹಾಕಿಕೊಟ್ಟರು.

ಎರಡೂ ಎಡತೋಳು

ಡ್ರಾಫ್ಟಿಂಗ್, ಅಂದರೆ ಅಳತೆ ಹಿಡಿದು ಕಾಗದದ ಮೇಲೆ ಪ್ಯಾಟರ್ನ್ ಎಳೆಯೋದು. ಅದರ ಬಗ್ಗೆ ಹೇಳಬೇಕಾದ್ದು ಜಾಸ್ತಿ ಇದೆ, ಯಾಕೆಂದರೆ ನಾನು ಅಲ್ಲೇ ಜಾಸ್ತಿ ಕೆಡಿಸಿದ್ದು.

ಎರಡನೇ ಸೆಮಿಸ್ಟರ್. ಅದೇ ಚಿಕ್ಕಮ್ಮನ ಮಗನ ಮದುವೆ. "ನೀನು ಓದ್ತಿದೀಯಲ್ಲ, ನನ್ನ ಬ್ಲೌಸ್ ನೀನೇ ಹೊಲಿ" ಅಂದರು. ಸೀರೆ ಜೊತೆ ಬಂದ ಬ್ಲೌಸ್ ಪೀಸು, ಅಳತೆಗೆ ಸರಿಯಾಗಿ ಇತ್ತು, ಒಂದಿಂಚು ಹೆಚ್ಚಿಲ್ಲ. ಬಾರ್ಡರ್ ತೋಳಿಗೆ ಬರಬೇಕು. ಮಡಚಿ ಇಟ್ಟರೆ ಬಾರ್ಡರ್ ಕೂಡುತ್ತಿರಲಿಲ್ಲ, ಹಾಗಾಗಿ ಒಂದೊಂದೇ ತೋಳು ಬಿಡಿಯಾಗಿ ಕತ್ತರಿಸಿದೆ. ಕಾಗದದ ಪ್ಯಾಟರ್ನ್ ಇಟ್ಟೆ, ಚಾಕ್ ಹಾಕಿದೆ, ಕತ್ತರಿಸಿದೆ. ಅದೇ ಪ್ಯಾಟರ್ನ್ ಸರಿಸಿ ಇಟ್ಟೆ, ಚಾಕ್ ಹಾಕಿದೆ, ಕತ್ತರಿಸಿದೆ. ಮಗುಚಿ ಇಡಬೇಕಿತ್ತು. ತೋಳಿನ ಮುಂಭಾಗದ ಬಾಗು ಹಿಂಭಾಗಕ್ಕಿಂತ ಆಳ ಇರುತ್ತೆ ಅಲ್ವಾ, ಹಾಗಾಗಿ ಎಡ ಬಲ ಒಂದಕ್ಕೊಂದು ಕನ್ನಡಿ. ನನ್ನ ಕೈಲಿದ್ದದ್ದು ಎರಡೂ ಎಡತೋಳು. ರೇಷ್ಮೆಯ ಹೊರಮೈ ಬೇರೆ, ಒಳಮೈ ಬೇರೆ, ತಿರುಗಿಸಿ ಹಾಕೋಕೂ ಆಗಲ್ಲ. ಆ ರಾತ್ರಿ ಊಟ ಸೇರಲಿಲ್ಲ.

ಮರುದಿನ ಕಟ್ಟಿನಕೆರೆ ಮಾರ್ಕೆಟ್ ಕಡೆ ಅಲೆದು ಬಾರ್ಡರ್ ಬಣ್ಣದ ಬ್ರೊಕೇಡ್ ಮುಕ್ಕಾಲು ಮೀಟರ್ ತಂದು, ಎರಡೂ ತೋಳು ಅದರಲ್ಲೇ ಮಾಡಿದೆ. ಮದುವೆ ಮನೆಯಲ್ಲಿ ಚಿಕ್ಕಮ್ಮ "ಈಗ ಹಿಂಗೇ ಕಾಂಟ್ರಾಸ್ಟ್ ತೋಳು ಫ್ಯಾಷನ್ನಂತೆ" ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದರು. ಮೂರು ಆರ್ಡರ್ ಬಂತು. ಅದು ಅದೃಷ್ಟ, ನೀವು ನಂಬಿಕೊಂಡು ಕೂರಬೇಡಿ.

ಅವತ್ತಿನಿಂದ ನನ್ನ ಪ್ರತಿ ಪ್ಯಾಟರ್ನ್ ಮೇಲೂ ದಪ್ಪಗೆ ಬರೆದಿರುತ್ತೇನೆ: ಯಾವ ಭಾಗ, ಎಷ್ಟು ಕತ್ತರಿಸಬೇಕು, ಮಗುಚಬೇಕೋ ಬೇಡವೋ, ಗ್ರೇನ್ ಯಾವ ಕಡೆ, ಹೊಲಿಗೆಗೆ ಬಿಡುವ ಮಾರ್ಜಿನ್ ಸೇರಿದೆಯೋ ಇಲ್ಲವೋ. ಆರ್ಮ್‌ಹೋಲ್‌ಗೆ (ತೋಳು ಕೂಡಿಸುವ ಸುತ್ತಿಗೆ) ಮುಂದೆ ಒಂದು ನಾಚ್, ಹಿಂದೆ ಎರಡು ನಾಚ್. ನಾಚ್ ಅಂದರೆ ಯಾವ ತುಂಡು ಎಲ್ಲಿ ಕೂಡಬೇಕು ಅಂತ ಅಂಚಿನಲ್ಲಿ ಹಾಕುವ ಸಣ್ಣ ಕಚ್ಚು. ಕಾರ್ಖಾನೆಯಲ್ಲಿ ಆರು ವರ್ಷ ಈ ನಾಚ್‌ಗಳನ್ನು ದಿನಾ ನೋಡಿದ್ದೆ. ಯಾಕೆ ಹಾಕುತ್ತಾರೆ ಅಂತ ಒಂದು ದಿನವೂ ಕೇಳಿರಲಿಲ್ಲ.

ಆರ್ಮ್‌ಹೋಲ್ ಅಂದಾಗ ಇನ್ನೊಂದು ವಿಷಯ. "ಕೈ ಎತ್ತಿದ್ರೆ ಬ್ಲೌಸ್ ಪೂರಾ ಮೇಲೆ ಬರುತ್ತೆ" ಅಂತ ಗಿರಾಕಿಗಳು ದೂರುತ್ತಾರೆ. ಹೊಸಬರು ಏನು ಮಾಡುತ್ತಾರೆ? ಬಿಗಿಯಾಗಿದೆ ಅಂದುಕೊಂಡು ಆರ್ಮ್‌ಹೋಲ್ ಇನ್ನೂ ಕೆಳಗೆ ಇಳಿಸುತ್ತಾರೆ. ಆಗ ಇನ್ನೂ ಜಾಸ್ತಿ ಎಳೆಯುತ್ತೆ. ತೋಳು ಕೂಡುವ ಜಾಗ ಕಂಕುಳಿಗೆ ಹತ್ತಿರ ಇದ್ದರೆ ಕೈ ಎತ್ತಿದಾಗ ತೋಳು ಮಾತ್ರ ಏಳುತ್ತೆ. ಕೆಳಗಿದ್ದರೆ ಸೈಡ್ ಹೊಲಿಗೆಯನ್ನೂ ಜೊತೆಗೆ ಎಳೆದುಕೊಂಡು ಏಳುತ್ತೆ. ನಂಬಿಕೆ ಬರದಿದ್ದರೆ ಕೋರಾ ಬಟ್ಟೆಯಲ್ಲಿ (ಬಿಳುಪು ಮಾಡದ ಹತ್ತಿ ಬಟ್ಟೆ) ಎರಡು ಬ್ಲೌಸ್ ಹೊಲಿದು, ಹಾಕಿಕೊಂಡು, ಅಟ್ಟದ ಮೇಲಿನ ಡಬ್ಬ ತೆಗೆಯೋಕೆ ಕೈ ಎತ್ತಿ ನೋಡಿ.

ಕೋರಾ ಬಟ್ಟೆಗೆ ಜಿಪುಣತನ ಬೇಡ. ಒಳ್ಳೆ ಬಟ್ಟೆಗೆ ಕತ್ತರಿ ಹಾಕುವ ಮೊದಲು ಕೋರಾದಲ್ಲಿ ಒಂದು ಹೊಲಿಯಿರಿ. ಕೆಟ್ಟರೆ ಬಿಚ್ಚಿ. ಬಿಚ್ಚೋಕೆ ಬ್ಲೇಡ್ ಬೇಡ, ಸೀಮ್ ರಿಪ್ಪರ್ ಇಟ್ಟುಕೊಳ್ಳಿ, ಚಿಲ್ಲರೆಗೆ ಸಿಗುತ್ತೆ. ಮನೆಯ ಹಳೆ ಶರ್ಟ್, ಹಳೆ ಬ್ಲೌಸ್, ಹರಿದ ಜೀನ್ಸ್, ಏನು ಸಿಕ್ಕರೂ ಹೊಲಿಗೆ ಬಿಚ್ಚಿ, ಇಸ್ತ್ರಿ ಮಾಡಿ, ಬ್ರೌನ್ ಶೀಟ್ ಮೇಲಿಟ್ಟು ಗೆರೆ ಎಳೆಯಿರಿ. ನಮ್ಮ ಮಾವನ ಹಳೆ ಕೋಟು ಬಿಚ್ಚಲು ನನಗೆ ಮೂರು ರಾತ್ರಿ ಬೇಕಾಯಿತು. ಕಾಲರ್ ಕೆಳಗೆ ಕ್ಯಾನ್ವಾಸ್‌ಗೆ ಕೈಯಲ್ಲಿ ಹಾಕಿದ ಸಣ್ಣ ಸಣ್ಣ ಓರೆ ಹೊಲಿಗೆಗಳ ಸಾಲು ಇತ್ತು, ಹೊರಗೆ ಒಂದೂ ಕಾಣುತ್ತಿರಲಿಲ್ಲ. ಯಾವ ಕ್ಲಾಸಿನಲ್ಲೂ ನನಗೆ ಅಷ್ಟು ಕಲಿಸಿಲ್ಲ.

ಚಿತ್ರ ಬರೆಯೋದು

ಇದಕ್ಕೆ ಸುಮ್ನೆ ಹೆದರುತ್ತಾರೆ. ಫ್ಯಾಷನ್ ಚಿತ್ರದ ಹೆಂಗಸು ಒಂಬತ್ತು ಹತ್ತು ತಲೆ ಎತ್ತರ ಇರುತ್ತಾಳೆ, ನಾವು ನೀವು ಏಳೂವರೆ ತಲೆ. ಅಳತೆ ಗೊತ್ತಾದ ಮೇಲೆ ಅಭ್ಯಾಸ ಅಷ್ಟೇ. ಕೆಲಸಕ್ಕೆ ಬರುವುದು ಫ್ಲಾಟ್ ಡ್ರಾಯಿಂಗ್: ಬಟ್ಟೆಯನ್ನು ನೆಲದ ಮೇಲೆ ಹಾಸಿದ ಹಾಗೆ, ಪ್ರತಿ ಹೊಲಿಗೆ, ಗುಂಡಿ, ಕಾಜ ಕಾಣುವ ಹಾಗೆ ಬರೆಯೋದು. ಹೊಲಿಯುವವರು ನೋಡುವುದು ಅದನ್ನೇ. ಕಂಪ್ಯೂಟರ್‌ನಲ್ಲಿ ಚಿತ್ರ ಬರೆಯೋಕೆ ಇಲ್ಲಸ್ಟ್ರೇಟರ್ ಅಥವಾ ಕೋರಲ್‌ಡ್ರಾ ಒಂದನ್ನಾದರೂ ಗಟ್ಟಿ ಮಾಡಿಕೊಳ್ಳಿ.

ಬೇಲೂರಿಗೆ ಹೋಗಿ, ಆದರೆ ಸೆಲ್ಫಿಗಲ್ಲ

ಪ್ರಾಜೆಕ್ಟ್‌ಗೆ ಪ್ರೇರಣೆ ಹುಡುಕಿ ಅಂದಾಗ ನಮ್ಮ ಕ್ಲಾಸಿನ ಅರ್ಧ ಜನ ಪ್ಯಾರಿಸ್ ಅಂತ ಬರೆದರು. ಬಸ್ ಹತ್ತಿದರೆ ಬೇಲೂರು 40 ಕಿಲೋಮೀಟರು. ವಿಷ್ಣುವರ್ಧನನ ಕಾಲದಲ್ಲಿ, 1117ರಲ್ಲಿ ಆದ ದೇವಸ್ಥಾನ. ನಲವತ್ತೆರಡು ಮದನಿಕೆಯರು ನಿಂತಿದ್ದಾರೆ. ಒಬ್ಬೊಬ್ಬರ ಸೊಂಟದ ಪಟ್ಟಿ ಬೇರೆ, ಕೊರಳ ಸರ ಬೇರೆ, ತುರುಬು ಬೇರೆ. ನಾನು ಒಂದಿಡೀ ದಿನ ದರ್ಪಣ ಸುಂದರಿಯ ಕೆಳಗೆ ಕೂತು ಬರೀ ಆಭರಣದ ಸಾಲು ಬರೆದುಕೊಂಡೆ. ಸಾಲಿನಿಂದ ಇಳಿಬಿದ್ದ ಕುಚ್ಚುಗಳ ನಡುವಿನ ಅಂತರ ನೋಡಿ, ಅದೇ ಲಯದಲ್ಲಿ ಒಂದು ಬ್ಲೌಸಿನ ಬೆನ್ನಿಗೆ ಆರಿ ವರ್ಕ್ ಮಾಡಿದೆ. ಇಡೀ ಶಿಲ್ಪವನ್ನು ಸೀರೆ ಮೇಲೆ ಪ್ರಿಂಟ್ ಹಾಕಿಸಬೇಡಿ, ಅದನ್ನು ಎಲ್ಲರೂ ಮಾಡುತ್ತಾರೆ. ಒಂದು ಬಳ್ಳಿ, ಒಂದು ಅಂಚು, ಒಂದು ಮಣಿಸಾಲು ಸಾಕು. ಅಂದಹಾಗೆ ಆ ಗುಡಿ ಕಟ್ಟಿರುವುದು ಬಳಪದ ಕಲ್ಲಿನಲ್ಲಿ. ಟೈಲರ್ ಚಾಕ್ ಕೂಡ ಮೂಲದಲ್ಲಿ ಅದೇ ಜಾತಿಯ ಮೆತ್ತನೆ ಕಲ್ಲಿನದು. ನನಗೆ ಇದು ಗೊತ್ತಾದ ದಿನ ಏನೋ ಖುಷಿ.

ಕಸೂತಿಯನ್ನೂ ಬಿಡಬೇಡಿ. ಧಾರವಾಡದ ಕಡೆಯದು. ಗವಂತಿ, ಮುರ್ಗಿ, ನೇಗಿ, ಮೆಂತಿ ಅಂತ ನಾಲ್ಕು ಹೊಲಿಗೆ. ಗವಂತಿ, ಮುರ್ಗಿಯಲ್ಲಿ ಗಂಟು ಹಾಕದೆ, ಹಿಂದೂ ಮುಂದೂ ಒಂದೇ ತರಹ ಕಾಣುವ ಹಾಗೆ ಹಾಕಬೇಕು. ನನ್ನ ಮೊದಲ ಕಸೂತಿಯ ಹಿಂಭಾಗ ಕಾಗೆ ಗೂಡಿನ ಹಾಗಿತ್ತು. ಮೇಡಂ ಮುಂಭಾಗ ನೋಡಲೇ ಇಲ್ಲ. ತಿರುಗಿಸಿದರು, ವಾಪಸ್ ಕೊಟ್ಟರು.

ಎರಡನೇ ವರ್ಷ

ಇಂಟರ್ನ್‌ಶಿಪ್‌ಗೆ ಎಲ್ಲರೂ ಬೆಂಗಳೂರು ಅಂತಾರೆ. ಹಾಸನದಲ್ಲೇ ಟೆಕ್ಸ್‌ಟೈಲ್ ಎಸ್‌ಇಝಡ್ (ವಿಶೇಷ ಆರ್ಥಿಕ ವಲಯ) ಇದೆ, ಗಾರ್ಮೆಂಟ್ಸ್ ಇದೆ. ಎಲ್ಲೇ ಹೋದರೂ ಸ್ಯಾಂಪ್ಲಿಂಗ್ ವಿಭಾಗದಲ್ಲಿ, ಅಂದರೆ ಮಾದರಿ ಬಟ್ಟೆ ಹೊಲಿಯುವ ಕಡೆ, ಹಾಕಿ ಅಂತ ಕೇಳಿ. ಅಲ್ಲಿ ಒಂದು ಬಟ್ಟೆ ಕಾಗದದಿಂದ ಹ್ಯಾಂಗರ್‌ವರೆಗೆ ಹೋಗೋದನ್ನ ಪೂರ್ತಿ ನೋಡಬಹುದು. ಚೆಕಿಂಗ್ ಟೇಬಲ್‌ಗೆ ಹಾಕಿದರೆ ಎರಡು ತಿಂಗಳು ದಾರ ಕತ್ತರಿಸಿಕೊಂಡೇ ಬರುತ್ತೀರಿ. ಸ್ಯಾಂಪ್ಲಿಂಗ್‌ನ ಮಾಸ್ಟರ್ ಹತ್ತಿರ ಬೆಳಿಗ್ಗೆ ಬೇಗ ಹೋಗಿ. ಟಾರ್ಗೆಟ್ ಗಲಾಟೆ ಶುರುವಾದ ಮೇಲೆ ಯಾರೂ ಏನೂ ಹೇಳಿಕೊಡುವುದಿಲ್ಲ.

ನಮ್ಮ ಕಡೆ ಟೈಲರಿಂಗ್‌ಗೆ ಅದರದ್ದೇ ಕ್ಯಾಲೆಂಡರ್ ಇದೆ, ಅದಕ್ಕೆ ತಕ್ಕ ಹಾಗೆ ಓದಿ. ಆಷಾಢದಲ್ಲಿ ಮದುವೆ ಇಲ್ಲ, ಅಂಗಡಿಗಳು ಖಾಲಿ. ಆಗ ಒಳ್ಳೆ ಟೈಲರ್ ಹತ್ತಿರ ಹೋಗಿ ಕೂತರೆ ಸಮಾಧಾನದಿಂದ ಹೇಳಿಕೊಡುತ್ತಾರೆ. ಶ್ರಾವಣ ಬಂತು ಅಂದರೆ ವರಮಹಾಲಕ್ಷ್ಮಿ, ಭಾದ್ರಪದಕ್ಕೆ ಗೌರಿ ಹಬ್ಬ. ಆಮೇಲೆ ಹಾಸನಾಂಬೆ ಬಾಗಿಲು ತೆಗೆಯುವ ದಿನಗಳು, ದೀಪಾವಳಿ. ಆ ಹೊತ್ತಲ್ಲಿ ಡೌಟ್ ಕೇಳೋಕೆ ಹೋದರೆ ಹುಕ್ ಹಾಕೋಕೆ ಕೂರಿಸುತ್ತಾರೆ. ಕೂತ್ಕೊಳ್ಳಿ, ಪರವಾಗಿಲ್ಲ, ಹುಕ್ಕಿಗೆ ಇಷ್ಟು ಅಂತ ದುಡ್ಡು ಬರುತ್ತೆ.

ಕಾಸ್ಟಿಂಗ್ ಪೇಪರ್ ಅಂತ ಒಂದಿರುತ್ತೆ, ಒಂದು ಬಟ್ಟೆಗೆ ಎಷ್ಟು ಖರ್ಚು ಬೀಳುತ್ತೆ ಅಂತ ಲೆಕ್ಕ ಹಾಕೋದು, ಹುಡುಗಿಯರು ಅದನ್ನು ಪಾಸಾದರೆ ಸಾಕು ಅಂತ ಓದುತ್ತಾರೆ. ಅಂಗಡಿ ಇಟ್ಟ ಮೊದಲ ತಿಂಗಳು ಒಂದು ಲೈನಿಂಗ್ ಬ್ಲೌಸಿಗೆ ನಾನು ಹಾಕಿದ ಲೆಕ್ಕ: ಲೈನಿಂಗ್ ಬಟ್ಟೆ, ದಾರ, ಹುಕ್, ಎರಡು ಗಂಟೆ ಹೊಲಿಗೆ. ಕಟಿಂಗ್‌ಗೆ ಮುಕ್ಕಾಲು ಗಂಟೆ ಹಿಡಿಯುತ್ತೆ ಅಂತ ಬರೆದಿರಲಿಲ್ಲ. ಕೈ ಹೆಮ್ಮಿಂಗ್ ಬರೆದಿರಲಿಲ್ಲ. ಲೈನಿಂಗ್ ಮೊದಲೇ ನೀರಲ್ಲಿ ನೆನೆಸಿ ಒಣಗಿಸಬೇಕು, ಇಲ್ಲದಿದ್ದರೆ ಮೊದಲ ಒಗೆತಕ್ಕೆ ಕುಗ್ಗಿ ಮೇಲಿನ ರೇಷ್ಮೆ ಸುಕ್ಕಾಗುತ್ತೆ. ಆ ಕೆಲಸ, ಇಸ್ತ್ರಿ, ಕರೆಂಟು, ಟ್ರಯಲ್‌ಗೆ ಬಂದವರ ಜೊತೆ ಕಳೆದ ಅರ್ಧ ಗಂಟೆ, ಯಾವುದೂ ಇರಲಿಲ್ಲ. ತಿಂಗಳ ಕೊನೆಗೆ ಕೂತು ಎಣಿಸಿದರೆ ಕಾಲರ್ ಹೊಲಿಯುವಾಗ ಬರುತ್ತಿದ್ದದ್ದಕ್ಕಿಂತ ಕಮ್ಮಿ. ಗಡಿಯಾರ ಪಕ್ಕದಲ್ಲಿಟ್ಟುಕೊಂಡು ಪ್ರತಿ ಹಂತದ ನಿಮಿಷ ಬರೆಯಿರಿ, ಕಾಲೇಜಿನಲ್ಲಿದ್ದಾಗಲೇ.

ಪೋರ್ಟ್‌ಫೋಲಿಯೊದಲ್ಲಿ (ಕೆಲಸ ಕೇಳುವಾಗ ತೋರಿಸುವ ಫೈಲ್) ಚಂದದ ಚಿತ್ರ ಇಪ್ಪತ್ತು ಇಡುವ ಬದಲು ಐದು ಬಟ್ಟೆ ಇಡಿ. ಪ್ರತಿಯೊಂದಕ್ಕೂ ಚಿತ್ರ, ಫ್ಲಾಟ್, ಪ್ಯಾಟರ್ನ್ ಫೋಟೋ, ಬಟ್ಟೆಯ ತುಂಡು, ಹೊಲಿದ ಮೇಲಿನ ಫೋಟೋ, ಜೊತೆಗೆ ಒಳಮಗ್ಗುಲಿನ ಫೋಟೋ. ನಾನು ಒಂದು ಕಡೆ ಇಂಟರ್ವ್ಯೂಗೆ ಹೋದಾಗ ಎದುರು ಕೂತಿದ್ದ ಹೆಂಗಸು ನನ್ನ ಫೈಲ್ ಸರಸರ ತಿರುವಿದರು. ಒಳಮಗ್ಗುಲಿನ ಫೋಟೋ ಬಂದಾಗ ಕೈ ನಿಂತಿತು. "ಇದು ನೀವೇ ಓವರ್‌ಲಾಕ್ ಮಾಡಿದ್ದಾ?" ಅಂತ ಕೇಳಿದರು, ಅಂದರೆ ಒಳಗಿನ ಅಂಚು ಬಿಚ್ಚದ ಹಾಗೆ ಸುತ್ತಿ ಹೊಲಿದದ್ದು. ಕೆಲಸ ಸಿಕ್ಕಿತು. ಎಂಟು ತಿಂಗಳಾದ ಮೇಲೆ ಅಂಗಡಿ ಹಾಕಲು ನಾನೇ ಬಿಟ್ಟೆ.

ಬ್ಯಾಗಿನಲ್ಲಿ ಏನಿರಬೇಕು

ಮೊದಲ ದಿನಕ್ಕೆ ಜಾಸ್ತಿ ಏನೂ ಬೇಡ. ಕಾಲೇಜಿನವರು ಕೊಡುವ ಪಟ್ಟಿ ಉದ್ದ ಇರುತ್ತೆ, ಎಲ್ಲ ಒಟ್ಟಿಗೆ ಕೊಳ್ಳಬೇಡಿ. ಒಂದು ಒಳ್ಳೆ ಟೇಪು (ಸಸ್ತಾ ಟೇಪು ಎಳೆದು ಎಳೆದು ಅರ್ಧ ಇಂಚು ಉದ್ದವಾಗುತ್ತೆ, ಸ್ಕೇಲ್ ಪಕ್ಕ ಇಟ್ಟು ನೋಡಿ ತಗೊಳ್ಳಿ), ಚಾಕ್, ಗುಂಡುಪಿನ್, ಸೀಮ್ ರಿಪ್ಪರ್, ಫ್ರೆಂಚ್ ಕರ್ವ್ (ಬಾಗು ಗೆರೆ ಎಳೆಯುವ ಸ್ಕೇಲ್), ಬ್ರೌನ್ ಶೀಟ್. ಸೂಜಿ ತೆಳು ರೇಷ್ಮೆಗೆ 9 ಅಥವಾ 11, ಮಾಮೂಲಿ ಹತ್ತಿಗೆ 14, ಜೀನ್ಸ್‌ಗೆ 16. ನಮ್ಮ ಮಲೆನಾಡಿನ ಮಗ್ಗುಲಿನ ಮಳೆಗಾಲದಲ್ಲಿ ಸೂಜಿ ತುಕ್ಕು ಹಿಡಿಯುತ್ತೆ, ಡಬ್ಬಿಯಲ್ಲಿ ಒಂದು ಚೂರು ಎಣ್ಣೆ ಬಟ್ಟೆ ಹಾಕಿಡಿ. ಹಳೆ ಮೆಷಿನ್ ಒಂದು ಮನೆಯಲ್ಲಿ ಬೇಕೇ ಬೇಕು. ನಾನು ಅರಸೀಕೆರೆಯಲ್ಲಿ ಒಬ್ಬರ ಹತ್ತಿರ 3,500 ರೂಪಾಯಿಗೆ ಕಾಲಲ್ಲಿ ತುಳಿಯುವುದನ್ನು ತಂದೆ. ಕರೆಂಟ್ ಹೋದರೂ ಅದು ನಿಲ್ಲುವುದಿಲ್ಲ.

ಕತ್ತರಿ ಎರಡು. ಒಂದು ಕಾಗದಕ್ಕೆ, ಒಂದು ಬಟ್ಟೆಗೆ. ಬಟ್ಟೆ ಕತ್ತರಿಯಲ್ಲಿ ಕಾಗದ ಕತ್ತರಿಸಿದರೆ ಬಾಯಿ ಮೊಂಡಾಗುತ್ತೆ, ಆಮೇಲೆ ಶಿಫಾನ್ ಜಗಿದ ಹಾಗೆ ಕತ್ತರಿಸುತ್ತೆ. ನನ್ನದರ ಹಿಡಿಗೆ ಕೆಂಪು ದಾರ ಸುತ್ತಿದ್ದೇನೆ, ಮುಟ್ಟಬಾರದು ಅಂತ ಗುರುತಿಗೆ. ಹೋದ ವಾರ ಬೆಳಿಗ್ಗೆ ಎದ್ದು ನೋಡಿದರೆ ನಮ್ಮ ಮನೆಯವರು ಅದರಲ್ಲೇ ನಂದಿನಿ ಹಾಲಿನ ಪ್ಯಾಕೆಟ್ ಕತ್ತರಿಸುತ್ತಿದ್ದರು. ಕೆಂಪು ದಾರ ಕಾಣಲಿಲ್ವಾ ಅಂದೆ. "ಅದು ಹಾಲಿನ ಕತ್ತರಿ ಅಂತ ಗುರುತಿಗೆ ಅಲ್ವಾ?" ಅಂದರು.